ಬೇಲಿಯ ಪಕ್ಕದ ಹದಿನೇಳು ಬುಡಗಳು

ಗುತುಯೆನಿ ಹಳ್ಳಿಯ ಸ್ಮಶಾನದಲ್ಲಿ ಗುಂಡಿ ತೋಡುವ ಕೆಲಸ ಹರಲಾಂಪಿಯ ಪಾಲಿಗೆ ಬಂದದ್ದು ಅವನ ಮೂವತ್ತೊಂದನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವನು ಊರಿನ ಸಾಮೂಹಿಕ ತೋಟದಲ್ಲಿ ದ್ರಾಕ್ಷಿ ಬಳ್ಳಿಗಳಿಗೆ ಕಂಬ ನೆಡುತ್ತಿದ್ದನು. ಹಳೆಯ ಗುಂಡಿಗಾರ ತೀರಿಕೊಂಡಾಗ, ಅವನಿಗೆ ಗುಂಡಿ ತೋಡುವವರು ಯಾರೆಂದು ಊರವರು ಮುಖ ಮುಖ ನೋಡಿಕೊಂಡರು. "ಕಂಬ ನೆಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ? ಉದ್ದ ಸ್ವಲ್ಪ ಜಾಸ್ತಿ, ಅಷ್ಟೇ ತಾನೆ" ಎಂದು ಹರಲಾಂಪಿ ಸಲಿಕೆ ಎತ್ತಿಕೊಂಡನು. ಅಂದು ಎತ್ತಿಕೊಂಡದ್ದನ್ನು ಮೂವತ್ತಾರು ವರ್ಷ ಕೆಳಗಿಡಲಿಲ್ಲ.

ಮೊದಲ ಗುಂಡಿಯಲ್ಲಿಯೇ ಅವನೊಂದು ತಪ್ಪು ಮಾಡಿದನು. ಆ ಜಾಗದ ತುಂಬ ಹಳದಿ ನರ್ಗಿಸ್ ಹೂವಿನ ಗಡ್ಡೆಗಳು ಹಬ್ಬಿಕೊಂಡಿದ್ದವು. ಅವನ ಸಲಿಕೆ ಅವುಗಳನ್ನು ಕತ್ತರಿಸಿಕೊಂಡೇ ಕೆಳಗಿಳಿಯಿತು. ಮಣ್ಣುಕೊಡಲು ಬಂದಿದ್ದ ಅವನ ತಾಯಿ ಪರಸ್ಕೀವ, ಮಣ್ಣಿನ ರಾಶಿಯಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಹೋಳುಗಳನ್ನು ಕಂಡು, ನೆರೆದವರ ಮುಂದೆಯೇ ಮಗನ ಕಿವಿಗೆ ಕೈ ಹಾಕಿದಳು.

"ಸಾರಿಗೆ ಈರುಳ್ಳಿ ಹೆಚ್ಚಿದ ಹಾಗೆ ಹೆಚ್ಚಿದ್ದೀಯಲ್ಲೋ! ಮೇಲಿರೋರನ್ನ ಎಬ್ಬಿಸಿ ಪಕ್ಕದಲ್ಲಿ ಕೂರಿಸಿ, ಆಮೇಲೆ ಕೆಳಗೆ ಜಾಗ ಮಾಡಬೇಕು. ಇಷ್ಟು ದೊಡ್ಡವನಾದೆ, ಅಷ್ಟೂ ಗೊತ್ತಾಗಲ್ವ?"

ಮೂವತ್ತೊಂದು ವರ್ಷದ ಗಂಡಸು ಕಿವಿ ಉಜ್ಜಿಕೊಂಡು ನಿಂತನು. ಆದರೆ ಆ ಮಾತು ಕಿವಿಯಿಂದ ಒಳಗಿಳಿಯಿತು. ಅಂದಿನಿಂದ ಯಾರ ಕುಟುಂಬದ ಸಮಾಧಿಯನ್ನು ತೆರೆಯಬೇಕಾದರೂ ಅವನು ಮೊದಲು ಮೊಣಕಾಲೂರಿ, ಮೇಲ್ಮಣ್ಣನ್ನು ಕೈಯಿಂದಲೇ ಬಿಡಿಸಿ, ಗಡ್ಡೆಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿ ಒದ್ದೆ ಗೋಣಿ ಮುಚ್ಚಿಡುತ್ತಿದ್ದನು. ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು, ಮಣ್ಣು ಒತ್ತಿಕೊಂಡ ಮೇಲೆ ಅವುಗಳನ್ನು ಮತ್ತೆ ಅಲ್ಲಿಯೇ ಹೂಳುತ್ತಿದ್ದನು. ಒತ್ತೊತ್ತಾಗಿ ಬೆಳೆದು ಉಸಿರುಗಟ್ಟಿದ ಗಡ್ಡೆಗಳನ್ನು ಬಿಡಿಸಿ ನೆಟ್ಟಾಗ ಒಂದು ಬುಡ ಮೂರಾಗುತ್ತಿತ್ತು. ಹೀಗೆ ಊರಿನಲ್ಲಿ ಸಾವು ಸಂಭವಿಸಿದಂತೆಲ್ಲ ಸ್ಮಶಾನದಲ್ಲಿ ಹೂ ಹೆಚ್ಚಿತು. ಅವನಾಗಿ ಒಂದೇ ಒಂದು ಗಡ್ಡೆಯನ್ನೂ ಕೊಂಡು ತಂದವನಲ್ಲ.

ಎಡವಟ್ಟುಗಳೂ ಆದವು. ಬೊಸ್ತಾನ್ ಮನೆಯವರಿಗೂ ಕಿರಿಕಾ ಮನೆಯವರಿಗೂ ಒಂದು ಕಾಲುವೆಯ ವಿಷಯದಲ್ಲಿ ಇಪ್ಪತ್ತು ವರ್ಷದ ಹಗೆ. ಒಂದೇ ವಾರದಲ್ಲಿ ಎರಡೂ ಮನೆಯ ಯಜಮಾನರು ತೀರಿಕೊಂಡರು. ಹರಲಾಂಪಿಯ ಎರಡು ಬಕೆಟ್ಟುಗಳು ಅದಲುಬದಲಾದವು. ಮರುವರ್ಷ ವಸಂತದಲ್ಲಿ ಬೊಸ್ತಾನನ ಸಮಾಧಿಯ ಮೇಲೆ, ಪುಟಾಣಿ ದ್ರಾಕ್ಷಿ ಗೊಂಚಲಿನಂತಹ ಕಿರಿಕಾ ಮನೆಯ ನೀಲಿ ಹೂಗಳು ತಲೆಯೆತ್ತಿದವು.

"ನನ್ನ ಗಂಡ ಬದುಕಿದ್ದಾಗ ಆ ಮನೆಯ ನೀರು ಕುಡಿದವನಲ್ಲ. ಈಗ ಅವರ ಹೂವನ್ನ ಎದೆ ಮೇಲೆ ಹೊತ್ಕೊಂಡು ಮಲಗಬೇಕಾ?" ಎಂದು ಬೊಸ್ತಾನನ ವಿಧವೆ ಹರಲಾಂಪಿಯ ಮನೆಬಾಗಿಲಿಗೆ ಬಂದು ಕೂಗಾಡಿದಳು.

ಅವನು ಅಗೆದು ತೆಗೆದನು. ಆದರೆ ಆ ಹೂವಿನ ಗಡ್ಡೆಗೆ ಸಾಸಿವೆ ಕಾಳಿನಷ್ಟು ಮರಿಗಳಿರುತ್ತವೆ. ಎಷ್ಟು ಹೆಕ್ಕಿದರೂ ನಾಲ್ಕು ಉಳಿದುಬಿಡುತ್ತವೆ. ಪ್ರತಿವರ್ಷ ನಾಲ್ಕು ಮೂತಿಗಳು ಮೇಲೆ ಬಂದವು. ಪ್ರತಿವರ್ಷ ಆ ವಿಧವೆಯೂ ಬಂದಳು. ಏಳನೆಯ ವರ್ಷ ಅವಳೇ, "ಹೋಗ್ಲಿ ಬಿಡು ಹರಲಾಂಪಿ, ಅವನಿಗೂ ಈಗ ಅಭ್ಯಾಸ ಆಗಿರುತ್ತೆ" ಎಂದು ಸುಮ್ಮನಾದಳು.

ಈ ಗಡ್ಡೆಗಳಿಗೆ ಬೇಡಿಕೆಗಳೆಂಬುವು ಇಲ್ಲ. ಹಿಮ ಕರಗುತ್ತಿದ್ದಂತೆ ಏಳುತ್ತವೆ, ಹೂ ಬಿಡುತ್ತವೆ, ಬೇಸಗೆ ಬರುವ ಮುನ್ನ ಮಣ್ಣಿನೊಳಗೆ ಹೋಗಿ ಮಲಗುತ್ತವೆ. ಕೇಳುವುದು ಒಂದೇ: ಹೂ ಮುದುರಿದ ಮೇಲೆ ಎಲೆಯನ್ನು ಮುಟ್ಟಬಾರದು. ಮುಂದಿನ ವರ್ಷದ ಹೂವಿಗೆ ಬೇಕಾದುದನ್ನೆಲ್ಲ ಎಲೆ ಬಿಸಿಲಿನಿಂದ ಪಡೆದು ಗಡ್ಡೆಗೆ ಇಳಿಸುವುದು ಆಗಲೇ. ಎಲೆ ತಾನಾಗಿ ಹಳದಿಯಾಗಿ ನೆಲಕ್ಕೆ ಒರಗುವವರೆಗೆ ಆರು ವಾರ ಬೇಕು. "ಊಟ ಮಾಡ್ತಾ ಇರೋರ ಮುಂದಿನ ತಟ್ಟೆ ಕಿತ್ಕೋಬೇಡ್ರಪ್ಪ" ಎಂದು ಹರಲಾಂಪಿ ಕಂಡಕಂಡವರಿಗೆ ಹೇಳುತ್ತಿದ್ದನು.

ಆದರೆ ಊರಿನ ಹಬ್ಬ ಗಡ್ಡೆಗಳನ್ನು ಕೇಳಿ ಬರುವುದಿಲ್ಲ. ಈಸ್ಟರ್ ಕಳೆದ ಎಂಟನೆಯ ದಿನದ ಸೋಮವಾರ ಸೌಮ್ಯರ ಈಸ್ಟರ್ ಎಂಬ ಹಬ್ಬ. ಆ ದಿನ ತೀರಿಹೋದವರನ್ನು ಸತ್ತವರೆಂದು ಯಾರೂ ಕರೆಯುವುದಿಲ್ಲ, ಅವರು ಸೌಮ್ಯರು. ಇಡೀ ಊರು ಬುತ್ತಿ ಕಟ್ಟಿಕೊಂಡು ಸ್ಮಶಾನಕ್ಕೆ ಹೋಗಿ, ಸಮಾಧಿಗಳ ಪಕ್ಕದಲ್ಲಿ ಬಟ್ಟೆ ಹಾಸಿ, ಅವರೊಂದಿಗೆ ಕುಳಿತು ಉಣ್ಣುತ್ತದೆ. ಅದಕ್ಕೆ ಮೊದಲು, ಈಸ್ಟರಿನ ಹಿಂದಿನ ಉಪವಾಸದ ವಾರದಲ್ಲಿಯೇ, ಸಮಾಧಿಗಳನ್ನು ಗುದ್ದಲಿ ಹಾಕಿ ಕೆರೆದು, ಒಂದು ಹಸಿರು ಕಡ್ಡಿಯೂ ಉಳಿಯದಂತೆ ಬೋಳಿಸಿ, ಹಳದಿ ಮರಳು ಹರಡಬೇಕು. ಹುಲ್ಲಿದ್ದ ಸಮಾಧಿಯೆಂದರೆ ಕೇಳುವವರಿಲ್ಲದ ಸಮಾಧಿ ಎಂದು ಅರ್ಥ. ಈಸ್ಟರ್ ಚಂದ್ರನ ಲೆಕ್ಕದ ಹಬ್ಬ. ಒಂದು ವರ್ಷ ಮೇ ತಿಂಗಳಿಗೆ ಬಂದರೆ ಇನ್ನೊಂದು ವರ್ಷ ಏಪ್ರಿಲ್ ಮೊದಲ ವಾರಕ್ಕೇ ಬಂದುಬಿಡುತ್ತದೆ. ತಡವಾಗಿ ಬಂದ ವರ್ಷ ಎಲೆಗಳು ಊಟ ಮುಗಿಸಿ ಮಲಗಿರುತ್ತವೆ, ತೊಂದರೆಯಿಲ್ಲ. ಬೇಗ ಬಂದ ವರ್ಷ ಅವು ಗೇಣುದ್ದ ಹಸಿರಾಗಿ ನಿಂತಿರುವಾಗಲೇ ಗುದ್ದಲಿಗಳು ಬರುತ್ತವೆ. ಅದಕ್ಕಾಗಿ ಹರಲಾಂಪಿ ಹೊಸ ವರ್ಷದ ಕ್ಯಾಲೆಂಡರ್ ಕೈಗೆ ಬಂದ ಕೂಡಲೇ ನೋಡುತ್ತಿದ್ದುದು ಈಸ್ಟರ್ ಯಾವ ದಿನ ಎಂಬುದನ್ನು.

ಅವನು ಸಲಿಕೆ ಹಿಡಿದ ಮೂವತ್ತಾರನೆಯ ವರ್ಷ ಈಸ್ಟರ್ ಏಪ್ರಿಲ್ ನಾಲ್ಕಕ್ಕೆ ಬಿದ್ದಿತ್ತು.

ಗುದ್ದಲಿಯವರ ಮುಂದಾಳು ಯೆವ್ದೋಕಿಯ. ಹಿಂದೆ ಹಾಲಿನ ಡಿಪೋ ನಡೆಸುತ್ತಿದ್ದವಳು, ಈಗ ಚರ್ಚಿನ ಸಮಿತಿಯಲ್ಲಿ ಅವಳ ಮಾತೇ ಮಾತು. ಕೆಟ್ಟವಳಲ್ಲ. ಗಂಡು ದಿಕ್ಕಿಲ್ಲದ ಮುದುಕಿಯರ ಮನೆತನದ ಸಮಾಧಿಗಳನ್ನು ತಾನೇ ಮಂಡಿಯೂರಿ ಕೆರೆದುಕೊಡುವವಳು. ಆದರೆ ಹಾಲಿನ ಕ್ಯಾನಿನಲ್ಲಿ ಒಂದು ನೊಣ ಕಂಡರೆ ಇಡೀ ಕ್ಯಾನನ್ನು ಚೆಲ್ಲಿಸುತ್ತಿದ್ದ ಕೈ ಅದು. ಆ ಸಲ ಅವಳಿಗೊಂದು ಯೋಚನೆ ಬಂದಿತ್ತು. ಹಬ್ಬಕ್ಕೆ ದೂರದೂರುಗಳಿಂದ ಬರುವ ಜನ ಹೆಚ್ಚುತ್ತಿದ್ದಾರೆ, ಪಾದ್ರಿಗಳು ರೊಟ್ಟಿ-ದ್ರಾಕ್ಷಾರಸಗಳನ್ನು ಆಶೀರ್ವದಿಸಲು ಒಂದು ಉದ್ದನೆಯ ಮೇಜಿಲ್ಲ, ಮಳೆ ಬಂದರೆ ಸೂರಿಲ್ಲ. ಆದ್ದರಿಂದ ಪಡುವಣ ಬೇಲಿಯ ಪಕ್ಕದಲ್ಲಿ ಖಾಲಿ ಬಿದ್ದಿರುವ ಪಟ್ಟಿಯನ್ನು ಕೆರೆದು ಮಟ್ಟಮಾಡಿ, ಸಿಮೆಂಟಿನ ಕಂಬ ನಿಲ್ಲಿಸಿ, ತಗಡಿನ ಮಾಡು ಹಾಕಿಸುವುದು. ಮರದ ಶಿಲುಬೆ ಒಂದೂ ಇಲ್ಲದ, ಯಾವ ಮನೆತನಕ್ಕೂ ಸೇರದ ಪಟ್ಟಿ. ಒಂದು ಅಕ್ರೋಟ್ ಮರ, ಅದರಾಚೆಗೆ ತುರಿಕೆಯ ಗಿಡಗಳು. ಪಾದ್ರಿಗಳೂ ಒಪ್ಪಿದ್ದರು.

ಭಾನುವಾರ ಚರ್ಚಿನ ಅಂಗಳದಲ್ಲಿ ಅವಳು ಹರಲಾಂಪಿಯನ್ನು ನಿಲ್ಲಿಸಿದಳು.

"ಅಣ್ಣ, ಬುಧವಾರ ಶುಚಿ ಮಾಡೋ ದಿನ. ನಾವು ಕೆರೆದು ಕೊಡ್ತೀವಿ. ನೀನು ಎಂಟು ಗುಂಡಿ ತೋಡಿಕೊಡು, ಮೊಣಕಾಲಿನಷ್ಟು ಆಳ ಸಾಕು. ನಿನಗೆ ಅದು ಕಾಫಿ ಕುಡಿದಷ್ಟು ಹೊತ್ತಿನ ಕೆಲಸ."

"ಎಲ್ಲಿ?"

"ಅದೇ, ಬೇಲಿ ಹತ್ರ. ಖಾಲಿ ಜಾಗ."

ಹರಲಾಂಪಿ ಟೋಪಿ ತೆಗೆದು ಅದರೊಳಗೆ ನೋಡಿದನು, ಮತ್ತೆ ಹಾಕಿಕೊಂಡನು.

"ಏನಣ್ಣ, ವಯಸ್ಸಾಯ್ತಾ? ಹೇಳಿಬಿಡು, ಬೇರೆಯವರನ್ನ ನೋಡ್ತೀನಿ."

"ಯೋಚನೆ ಮಾಡ್ತೀನಿ."

"ಗುಂಡಿ ತೋಡೋದಕ್ಕೆ ಯೋಚನೆ ಮಾಡಿದ ಗುಂಡಿಗಾರನ್ನ ಇವತ್ತೇ ನೋಡಿದ್ದು" ಎಂದು ಅವಳು ನಕ್ಕು ಹೋದಳು.

ಆ ಪಟ್ಟಿ ಖಾಲಿ ಜಾಗವಲ್ಲ ಎಂಬುದು ಹರಲಾಂಪಿಗೆ ತನ್ನ ನಾಲ್ಕನೆಯ ವಯಸ್ಸಿನಿಂದ ಗೊತ್ತು. ಯುದ್ಧ ಮುಗಿದ ಮೇಲಿನ ಬರಗಾಲದ ಚಳಿಗಾಲವದು. ಊರಿನ ಪಾದ್ರಿ ಗಡಿ ದಾಟಿ ಹೋಗಿಬಿಟ್ಟಿದ್ದ. ತಾಯಂದಿರ ಎದೆಯಲ್ಲಿ ಹಾಲಿರಲಿಲ್ಲ. ಹರಲಾಂಪಿಗೊಬ್ಬಳು ತಂಗಿ ಹುಟ್ಟಿ ಎರಡು ದಿನ ಇದ್ದಳು. ದೀಕ್ಷಾಸ್ನಾನವಾಗದ ಕೂಸಿಗೆ ಹೆಸರಿಲ್ಲ, ಗಂಟೆ ಬಾರಿಸುವುದಿಲ್ಲ, ಶಿಲುಬೆಯಿಲ್ಲ, ಸಮಾಧಿಗಳ ಸಾಲಿನಲ್ಲಿ ಜಾಗವೂ ಇಲ್ಲ. ಅಂಥವರನ್ನು ಬೇಲಿಯ ಪಕ್ಕದಲ್ಲಿ ಮಣ್ಣುಮಾಡಿ, ಹಿಂದಿರುಗಿ ನೋಡದೆ ಬರಬೇಕು. ಹೋಗಿ ಅಳುವಂತಿಲ್ಲ, ಮೇಣದ ಬತ್ತಿ ಹಚ್ಚುವಂತಿಲ್ಲ. ಕಂಡರೆ ಮುದುಕಿಯರು ಬಯ್ಯುತ್ತಿದ್ದರು.

ಹಿಮ ಕರಗಿದ ಮೇಲೆ ಪರಸ್ಕೀವ ಮಗನನ್ನು ಕರೆದುಕೊಂಡು ಕಾಡಿಗೆ ಹೋದಳು. ಓಕ್ ಮರಗಳ ಕೆಳಗೆ ಹಿಮಗಂಟೆ ಹೂಗಳು ಆಗ ತಾನೆ ಮುಗಿದು ಎಲೆ ಮಾತ್ರ ಉಳಿದಿತ್ತು. ತಲೆ ತಗ್ಗಿಸಿ ನಿಲ್ಲುವ ಆ ಪುಟ್ಟ ಬಿಳಿ ಹೂ ಹಿಮ ಪೂರ್ತಿ ಕರಗುವುದಕ್ಕೂ ಕಾಯುವುದಿಲ್ಲ. ಅವಳು ಎಲೆ ಸಮೇತ ಒಂದು ಬುಡವನ್ನು ಎಬ್ಬಿಸಿ ಮಗನ ಟೋಪಿಯೊಳಗಿಟ್ಟಳು. "ಇದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ ಮಗ. ಹೋಗಿ ನೋಡಬೇಕಾಗಿಲ್ಲ. ತಾನೇ ಬರುತ್ತೆ, ತಾನೇ ಹೋಗುತ್ತೆ. ಕೇಳಿದರೆ ಕಾಡುಹೂ, ಗಾಳಿಗೆ ಬಂತು ಅಂದರಾಯ್ತು" ಎಂದಳು. ಬೇರೆ ತಾಯಂದಿರೂ ಹಾಗೆಯೇ ಯೋಚಿಸಿದ್ದರು ಎಂಬುದು ಅವನಿಗೆ ತಿಳಿದದ್ದು ಸಲಿಕೆ ಹಿಡಿದ ಮೇಲೆ. ಬೇಲಿಯುದ್ದಕ್ಕೂ ಅಂಥ ಬುಡಗಳು ಹದಿನೇಳು ಇದ್ದವು. ಗಾಳಿಗೆ ಬಂದ ಹೂ ಹಾಗೆ ಒಂದೊಂದು ಮಾರು ದೂರಕ್ಕೆ ಅಳೆದು ನಿಲ್ಲುವುದಿಲ್ಲ.

ಅವನು ಯಾರನ್ನೂ ಏನೂ ಕೇಳಲಿಲ್ಲ. ಆದರೆ ಪ್ರತಿವರ್ಷ ಫೆಬ್ರವರಿ ಮುಗಿಯುವಾಗ ಊರಿನ ಬಾವಿಯ ಬಳಿ ಯಾರಾದರೊಬ್ಬ ವಯಸ್ಸಾದ ಹೆಂಗಸು ಕೊಡ ತುಂಬುತ್ತ, ಅವನ ಕಡೆ ನೋಡದೆಯೇ, "ಬೇಲಿ ಹತ್ರ ಬಂತೇನೋ ಹರಲಾಂಪಿ?" ಎನ್ನುತ್ತಿದ್ದಳು.

"ಬಂದಿದೆ ಅಕ್ಕ."

"ಹಿಮ ಜಾಸ್ತಿ ಇತ್ತಲ್ಲ ಈ ಸಲ."

"ಹಿಮಾನ ತೂತು ಮಾಡ್ಕೊಂಡು ಬಂದಿದೆ."

ಅಷ್ಟು ಸಾಕಾಗುತ್ತಿತ್ತು. ವರ್ಷ ಕಳೆದಂತೆ ಕೇಳುವವರು ಕಡಿಮೆಯಾದರು. ಒಬ್ಬೊಬ್ಬರಿಗೂ ಅವನೇ ಗುಂಡಿ ತೋಡಿದನು. ಈಗ ಕೇಳುವವಳು ಜಂಫಿರಜ್ಜಿ ಒಬ್ಬಳೇ, ಅವಳಿಗೆ ಎಂಬತ್ತೈದು.

ಸೋಮವಾರ ಸಂಜೆ ಅವನು ಊಟಕ್ಕೆ ಕುಳಿತವನು ತಟ್ಟೆಯಲ್ಲಿದ್ದ ಹುರುಳಿಕಾಯಿ ಬೀಜದ ಗೊಜ್ಜನ್ನು ಕಲಸುತ್ತಲೇ ಇದ್ದನು. ಹೆಂಡತಿ ವಸಿಲೀಸ ಉಪ್ಪಿನಕಾಯಿಯ ಸೌತೆಯನ್ನು ಕೊಯ್ಯುತ್ತ ನೋಡಿದಳು.

"ಏನಯ್ಯ, ಅದರೊಳಗೂ ಗುಂಡಿ ತೋಡ್ತಿದ್ದೀಯಾ? ಉಪವಾಸದ ದಿನ ಬೆಣ್ಣೆ ಹಾಕಲ್ಲ, ಎಷ್ಟು ಹುಡುಕಿದ್ರೂ ಸಿಗಲ್ಲ."

"ಬುಧವಾರ ಬೇಲಿ ಹತ್ರ ಕೆರೀತಾರಂತೆ. ಕಂಬ ನೆಡ್ತಾರಂತೆ. ನನ್ನನ್ನೇ ತೋಡು ಅಂತಾಳೆ ಯೆವ್ದೋಕಿ."

ಅವಳ ಚಾಕು ನಿಂತಿತು. "ನೀನೇನಂದೆ?"

"ಯೋಚನೆ ಮಾಡ್ತೀನಿ ಅಂದೆ. ನಾಳೆ ಬೆಳಗ್ಗೆ ಹೋಗಿ ಬುಡಗಳನ್ನ ಎಬ್ಬಿಸಿಬಿಡೋಣ ಅಂತ. ಈ ಹೂವನ್ನ ಎಲೆ ಹಸಿರಿರುವಾಗಲೇ ಕಿತ್ತು ನೆಟ್ಟರೆ ಚೆನ್ನಾಗಿ ಹತ್ತುತ್ತೆ. ನಮ್ಮ ಹಿತ್ತಲಲ್ಲಿ ಹಾಕಿದ್ರಾಯ್ತು." ಅವನು ತಟ್ಟೆಯಿಂದ ತಲೆಯೆತ್ತಿದನು. "ಅದು ಬರೀ ಹೂವಲ್ಲ ವಸಿಲೀಸ. ನಿನಗೆ ಒಂದು ವಿಷಯ ಹೇಳಿಲ್ಲ ನಾನು..."

"ಅಕ್ರೋಟ್ ಮರದಿಂದ ಹನ್ನೊಂದನೇದು ನಿನ್ನ ತಂಗಿ" ಎಂದಳು ವಸಿಲೀಸ.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದನು.

"ನಿಮ್ಮಮ್ಮ ಹೇಳಿದ್ರು. ಮದುವೆಯಾದ ವರ್ಷವೇ. 'ನನ್ನ ಮಗ ಒಳ್ಳೆಯವನು, ಆದರೆ ಏನಾದ್ರೂ ಹೇಳಬೇಕಾದಾಗ ಟೋಪಿ ನೋಡ್ತಾ ನಿಂತುಬಿಡ್ತಾನೆ, ನಿನಗೂ ಗೊತ್ತಿರಲಿ' ಅಂದ್ರು. ನಲವತ್ತು ವರ್ಷದಿಂದ ನೀನು ಹೇಳ್ತೀಯ ಅಂತ ಕಾಯ್ತಿದ್ದೀನಿ."

"ಮತ್ತೆ ನೀನಾದ್ರೂ ಕೇಳಬಹುದಾಗಿತ್ತಲ್ಲ?"

"ಕೇಳಿದ್ರೆ ನಿನ್ನ ಗುಟ್ಟು ಹೋಗ್ತಿತ್ತು. ನಿನಗಿದ್ದದ್ದು ಅದೊಂದೇ ಗುಟ್ಟು. ಊಟ ಮಾಡು."

ಮಂಗಳವಾರ ಬೆಳಗ್ಗೆ ಅವನು ಸಲಿಕೆ, ಎರಡು ಬಕೆಟ್ಟು, ಗೋಣಿಗಳನ್ನು ತೆಗೆದುಕೊಂಡು ಬೇಲಿಯ ಬಳಿಗೆ ಹೋದನು. ಎಲೆಗಳು ಗೇಣುದ್ದ ಬೆಳೆದು, ಇಬ್ಬನಿಯ ಭಾರಕ್ಕೆ ಸ್ವಲ್ಪ ಬಾಗಿದ್ದವು. ಹನ್ನೊಂದನೆಯ ಬುಡದ ಮುಂದೆ ಮೊಣಕಾಲೂರಿ, ಸುತ್ತಲೂ ಸಲಿಕೆಯ ಅಂಚಿನಿಂದ ಗೆರೆ ಹಾಕಿದನು. ಎದ್ದು ಅಂಗಾಲನ್ನು ಸಲಿಕೆಯ ಮೇಲಿಟ್ಟನು. ಸಾವಿರ ಸಲ ಮಾಡಿದ ಕೆಲಸ. ಕಾಲು ಒತ್ತಲಿಲ್ಲ.

ಬೇರೆ ಸಮಾಧಿಗಳಲ್ಲಿ ಗಡ್ಡೆ ಎಬ್ಬಿಸಿದರೆ ಶಿಲುಬೆ ಉಳಿಯುತ್ತದೆ, ಅದರ ಮೇಲೆ ಹೆಸರು ಉಳಿಯುತ್ತದೆ. ಇಲ್ಲಿ ಗಡ್ಡೆಯೇ ಶಿಲುಬೆ. ಅದನ್ನು ಬಕೆಟ್ಟಿಗೆ ಹಾಕಿಕೊಂಡು ಹೋದರೆ ಹಿತ್ತಲಿನಲ್ಲಿ ಹೂ ಬರುತ್ತದೆ, ನಿಜ. ಆದರೆ ಕೂಸು ಎಲ್ಲಿ ಎಂದು ಕೇಳಿದರೆ ಯಾವ ಕಂಬದ ಕೆಳಗೆಂದು ತೋರಿಸುವುದು? ಉಳಿದ ಹದಿನಾರನ್ನು ಕಿತ್ತರೆ, ಅವು ತನ್ನವೂ ಅಲ್ಲ. ಬಿಟ್ಟರೆ ನಾಳೆ ಗುದ್ದಲಿ; ಕಿತ್ತರೆ ತನ್ನ ಕೈಯಿಂದಲೇ ಅಳಿಸಿದಂತೆ. ಅವನು ಎರಡು ಬಕೆಟ್ಟುಗಳನ್ನೂ ಖಾಲಿಯಾಗಿಯೇ ಮನೆಗೆ ತಂದನು. ವಸಿಲೀಸ ಅವುಗಳೊಳಗೆ ನೋಡಿದಳು. ಮಧ್ಯಾಹ್ನ ಅವಳು ಶಾಲು ಹೊದ್ದುಕೊಂಡು ಜಂಫಿರಜ್ಜಿಯ ಮನೆಯ ಕಡೆಗೆ ಹೊರಟಳು.

ಬುಧವಾರ ಸ್ಮಶಾನದ ತುಂಬ ಜನ. ಬೇಲಿಗೆ ಬಣ್ಣ ಬಳಿಯುವವರು, ಕೈಗಾಡಿಯಲ್ಲಿ ಮರಳು ತರುವವರು, ತಮ್ಮ ಸಮಾಧಿ ಮುಗಿಸಿ ಪಕ್ಕದವರದ್ದನ್ನು ಕಣ್ಣಿನಲ್ಲೇ ಅಳೆಯುವವರು. ಹರಲಾಂಪಿ ಬಂದದ್ದು ತಡವಾಗಿ. ಅವನು ಇಡೀ ಬೆಳಗ್ಗೆ ಗಡ್ಡ ಬೋಳಿಸಿಕೊಂಡು, ಚರ್ಚಿಗೆ ಹೋಗುವ ಕೋಟು ತೊಟ್ಟು, ಏನು ಹೇಳಬೇಕೆಂದು ಕೊಟ್ಟಿಗೆಯಲ್ಲಿ ಮೇಕೆಯ ಮುಂದೆ ಅಭ್ಯಾಸ ಮಾಡಿದ್ದನು. ಅಷ್ಟು ಹೊತ್ತಿಗೆ ಅಕ್ರೋಟ್ ಮರದ ಬುಡದಿಂದ ಯೆವ್ದೋಕಿಯ ಗುದ್ದಲಿ ಹಾಕಲು ತೊಡಗಿದ್ದಳು. ಮೂರು ಬುಡಗಳ ಎಲೆ ರಾಶಿಯಾಗಿ ಬಿದ್ದಿತ್ತು.

"ನಿಲ್ಸು ಯೆವ್ದೋಕಿ!"

ಅವಳು ತಲೆಯೆತ್ತಿ, ಅವನ ಕೋಟನ್ನು ಕಂಡು, "ಯಾರ ಮದುವೆ ಅಣ್ಣ? ಸಲಿಕೆ ಎಲ್ಲಿ?" ಎಂದಳು. ಹತ್ತಿರವಿದ್ದವರು ನಕ್ಕರು.

"ಎಲೆ ಕೀಳಬೇಡ. ಇನ್ನೂ ಹಸಿರಿದೆ."

"ಹಸಿರಿರೋದಕ್ಕೇ ಕೀಳ್ತಿರೋದು! ಹೂ ಮುಗಿದು ತಿಂಗಳಾಯ್ತು, ಇದು ಬರೀ ಹುಲ್ಲು. ತಟ್ಟೆ, ಊಟ ಅಂತ ಶುರು ಮಾಡಬೇಡ. ಪ್ರತಿವರ್ಷ ಕೇಳಿ ನನ್ನ ಕಿವಿಯಲ್ಲೇ ಹೂ ಬಿಟ್ಟಿದೆ."

ಮೇಕೆಯ ಮುಂದೆ ಸಿದ್ಧಪಡಿಸಿದ ಮಾತುಗಳೆಲ್ಲ ಎಲ್ಲಿ ಹೋದವೋ. ಹರಲಾಂಪಿ ಟೋಪಿ ತೆಗೆದನು. ಈ ಸಲ ಅದರೊಳಗೆ ನೋಡಲಿಲ್ಲ. ಹನ್ನೊಂದನೆಯ ಬುಡದ ಬಳಿಗೆ ನಡೆದುಹೋಗಿ, ಅದರ ಪಕ್ಕದಲ್ಲಿ ನಿಂತನು.

"ಇಲ್ಲಿ ನನ್ನ ತಂಗಿ ಇದ್ದಾಳೆ" ಎಂದನು.

ಕೈಗಾಡಿಯ ಚಕ್ರದ ಸದ್ದು ನಿಂತಿತು. ಯೆವ್ದೋಕಿಯ ಹುಬ್ಬು ಗಂಟಿಕ್ಕಿದಳು. "ನಿನಗೆಲ್ಲಿಯ ತಂಗಿ?"

"ಎರಡು ದಿನ ಇದ್ದಳು. ಬರಗಾಲದ ವರ್ಷ. ಹೆಸರಿಟ್ಟಿರಲಿಲ್ಲ. ಶಿಲುಬೆಗೆ ಹಕ್ಕಿರಲಿಲ್ಲ ಅಂತ ಅಮ್ಮ ಈ ಹೂ ನೆಟ್ಟಳು. ನಾನೇ ಟೋಪಿಯಲ್ಲಿ ಹೊತ್ತು ತಂದೆ."

ಯೆವ್ದೋಕಿಯ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಮೃದುವಾಗಿಯೇ, "ಸರಿ ಅಣ್ಣ. ಅದನ್ನ ಬಿಟ್ಟುಬಿಡೋಣ. ಸುತ್ತ ನಾಲ್ಕು ಕಲ್ಲಿಡಿಸ್ತೀನಿ. ಮಿಕ್ಕ ಜಾಗದಲ್ಲಿ ಕಂಬ..." ಎಂದಳು.

"ಮಿಕ್ಕಿದ್ದೂ ಹಾಗೇ."

"ಅಂದ್ರೆ? ಯಾರದ್ದು? ಹೆಸರು ಹೇಳು."

ಅವನಿಗೆ ಹದಿನಾರು ತಾಯಂದಿರ ಹೆಸರೂ ಗೊತ್ತಿತ್ತು. ಯಾರ್ಯಾರು ಬಾವಿಯ ಬಳಿ ಯಾವ ವರ್ಷದವರೆಗೆ ಕೇಳಿದರು, ಯಾರು ಕೇಳುವುದನ್ನು ನಿಲ್ಲಿಸಿದ ವರ್ಷ ಯಾರಿಗೆ ಗುಂಡಿ ತೋಡಿದ್ದು, ಎಲ್ಲವೂ. ಅವರ ಮಕ್ಕಳು ಮೊಮ್ಮಕ್ಕಳು ಸುತ್ತಲೂ ಬಣ್ಣದ ಕುಂಚ ಹಿಡಿದು ನಿಂತಿದ್ದರು.

"ಅದು ನಾನು ಹೇಳೋ ಮಾತಲ್ಲ" ಎಂದನು.

"ಮತ್ತೆ ನಾನು ಹೇಗೆ ನಂಬಲಿ ಅಣ್ಣ? ನೀನು ಹೂವಿಗೋಸ್ಕರ ಏನು ಬೇಕಾದ್ರೂ ಹೇಳೋನು!"

"ನಾಲ್ಕನೇದು ನಂದು."

ಎಲ್ಲರೂ ತಿರುಗಿ ನೋಡಿದರು. ವಸಿಲೀಸಳ ತೋಳಿಗೆ ಆತುಕೊಂಡು, ಕೈಯಲ್ಲಿ ಕೋಲು ಹಿಡಿದು, ಜಂಫಿರಜ್ಜಿ ಸಮಾಧಿಗಳ ನಡುವಿನ ದಾರಿಯಲ್ಲಿ ಬಂದು ನಿಂತಿದ್ದಳು. ಉಸಿರು ಹತ್ತಿತ್ತು. "ನಾಲ್ಕನೇದು ನಂದು" ಎಂದು ಇನ್ನೊಮ್ಮೆ, ಜಗಳಕ್ಕೆ ಬಂದವಳ ಹಾಗೆ ಹೇಳಿದಳು. "ಗಂಡು. ಯೆವ್ದೋಕಿ, ನೀನು ನಿಂತಿರೋದು ಅವನ ಕಾಲ ಮೇಲೆ. ಆ ಕಡೆ ಸರಿ."

ಯೆವ್ದೋಕಿಯ ಬೆಂಕಿ ತುಳಿದವಳಂತೆ ಹಿಂದಕ್ಕೆ ಸರಿದಳು. ನಾಲ್ಕನೆಯ ಬುಡಕ್ಕೂ ಅವಳ ಗುದ್ದಲಿಗೂ ನಡುವೆ ಒಂದು ಗೇಣು ಉಳಿದಿತ್ತು.

ಆಮೇಲೆ ಯಾರೂ ಹೆಸರು ಕೇಳಲಿಲ್ಲ. ಬೊಸ್ತಾನರ ಹಿರಿಯ ಮಗ ಮಾತ್ರ, ಐವತ್ತು ದಾಟಿದವನು, "ನಮ್ಮಜ್ಜಿ ಸಾಯೋವರೆಗೂ ಹಿಮ ಕರಗೋ ಕಾಲಕ್ಕೆ ಈ ಬೇಲಿಯಾಚೆ ರಸ್ತೇಲಿ ಸುಮ್ನೆ ನಿಂತಿರ್ತಿದ್ಲು. ಬಸ್ಸಿಗೆ ಕಾಯ್ತಾಳೆ ಅಂದ್ಕೊಂಡಿದ್ವಿ. ಈ ರಸ್ತೇಲಿ ಬಸ್ಸೇ ಬರಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಕೈಗಾಡಿಯಲ್ಲಿದ್ದ ಮರಳನ್ನು ಬೇರೆ ಕಡೆಗೆ ತಳ್ಳಿಕೊಂಡು ಹೋದನು.

ಯೆವ್ದೋಕಿಯ ಕಿತ್ತ ಎಲೆಗಳ ರಾಶಿಯ ಪಕ್ಕದಲ್ಲಿ ಕುಳಿತುಬಿಟ್ಟಿದ್ದಳು. "ಮೂರು ಮುಗಿಸಿಬಿಟ್ಟೆನಲ್ಲ ಅಣ್ಣ" ಎಂದಳು. 

ಹರಲಾಂಪಿ ಕೋಟಿನ ಚಿಂತೆ ಬಿಟ್ಟು ಮಣ್ಣಿನಲ್ಲಿ ಮಂಡಿಯೂರಿದನು. ಬೆರಳುಗಳನ್ನು ಒಳಗಿಳಿಸಿ ತಡಕಿದನು. ಗುದ್ದಲಿ ಮೇಲುಮೇಲೆ ಹೋಗಿತ್ತು. ಗಡ್ಡೆಗಳು ತಣ್ಣಗೆ, ಗಟ್ಟಿಯಾಗಿ, ತಮ್ಮ ಜಾಗದಲ್ಲಿಯೇ ಇದ್ದವು.

"ಇದ್ದಾವೆ. ಅರ್ಧ ಹೊಟ್ಟೇಲಿ ಎಬ್ಬಿಸಿದ್ದೀಯ, ಅಷ್ಟೇ. ಬರೋ ವರ್ಷ ಹೂ ಬಿಡದೇ ಇರಬಹುದು. ಎಲೆ ಬರುತ್ತೆ. ಅದನ್ನ ಮುಟ್ಟದೇ ಬಿಟ್ಟರೆ ಅದರ ಮುಂದಿನ ವರ್ಷ ನೋಡೋಣ."

"ಅದನ್ನ ಮುಟ್ಟೋರ ಕೈ ಮುರೀತೀನಿ" ಎಂದಳು ಯೆವ್ದೋಕಿಯ, ಮೂಗೊರೆಸಿಕೊಂಡು. ಕೂಡಲೇ ಎದ್ದು, ಕಂಬಗಳನ್ನು ಸ್ಮಶಾನದ ಬಾಗಿಲ ಬಳಿಗೆ ಸಾಗಿಸಿರೆಂದು ಗಂಡಸರ ಮೇಲೆ ಕೂಗಾಡತೊಡಗಿದಳು. ಎಂಟು ಗುಂಡಿಗಳನ್ನು ಹರಲಾಂಪಿ ಅಂದು ಮಧ್ಯಾಹ್ನವೇ ಬಾಗಿಲ ಬಳಿ ತೋಡಿಕೊಟ್ಟನು, ಕೋಟು ಬಿಚ್ಚಿಟ್ಟು.

ಸೌಮ್ಯರ ಈಸ್ಟರಿನ ದಿನ ಬಿಸಿಲು ಚೆನ್ನಾಗಿತ್ತು. ಸ್ಮಶಾನವೆಲ್ಲ ಹಳದಿ ಮರಳು, ಕೆಂಪು ಮೊಟ್ಟೆ, ಹೆಣೆದ ದುಂಡು ರೊಟ್ಟಿ. ಬೇಲಿಯ ಪಕ್ಕದ ಪಟ್ಟಿ ಮಾತ್ರ ಕೆದರಿದ ಹಸಿರಾಗಿ ಉಳಿದಿತ್ತು. ವಸಿಲೀಸ ಹನ್ನೊಂದನೆಯ ಬುಡದ ಪಕ್ಕದಲ್ಲಿ, ಎಲೆಗಳಿಗೆ ತಾಗದಂತೆ, ಹೊಸ ಟವೆಲೊಂದನ್ನು ಹಾಸಿ ರೊಟ್ಟಿಯಿಟ್ಟಳು. ಯಾರು ಯಾವಾಗ ಇಟ್ಟರೋ, ಕಿತ್ತುಹೋದ ಮೂರು ಬುಡಗಳ ಮುಂದೆಯೂ ಒಂದೊಂದು ರೊಟ್ಟಿಯಿತ್ತು. ರೊಟ್ಟಿಯ ಅಂಚು ಯೆವ್ದೋಕಿಯಳ ಒಲೆಯಲ್ಲಿ ಯಾವಾಗಲೂ ಸೀಯುವಂತೆ ಸ್ವಲ್ಪ ಸೀದಿತ್ತು. ತರುಣ ಪಾದ್ರಿ ಧೂಪ ಹಿಡಿದು ಸಾಲುಸಾಲಾಗಿ ಬಂದವರು, ಬೇಲಿಯ ಬಳಿ ನಿಂತು ತೀರಿಹೋದವರ ಹೆಸರಿನ ಚೀಟಿಗಾಗಿ ಕೈ ಚಾಚಿದರು. ಚೀಟಿ ಇರಲಿಲ್ಲ. ಅವರು ಕ್ಷಣಕಾಲ ಯೋಚಿಸಿ, "ದೇವರೇ, ಯಾರ ಹೆಸರು ನಿನಗೊಬ್ಬನಿಗೇ ಗೊತ್ತೋ ಅವರನ್ನು ನೆನೆ" ಎಂದು ಓದಿ, ಧೂಪವನ್ನು ಹದಿನೇಳು ಸಲ ಬೀಸಿದರು.

ಜಂಫಿರಜ್ಜಿಗೆ ನಾಲ್ಕನೆಯ ಬುಡದ ಮುಂದೆ ಒಂದು ಮಣೆ ಹಾಕಿಕೊಟ್ಟಿದ್ದರು. ಅವಳು ರೊಟ್ಟಿ ಮುರಿಯಲಿಲ್ಲ, ದ್ರಾಕ್ಷಾರಸ ಮುಟ್ಟಲಿಲ್ಲ. ಬಹಳ ಹೊತ್ತು ಎಲೆಗಳನ್ನೇ ನೋಡುತ್ತಿದ್ದು, ಹರಲಾಂಪಿಯನ್ನು ಕರೆದಳು.

"ಮಗ, ಇದಕ್ಕೆ ಏನು ಮಾಡಬೇಕು?"

"ಏನೂ ಮಾಡಬೇಕಾಗಿಲ್ಲ ಅಜ್ಜಿ. ಹಾಗೇ ಬಿಡೋದು."

"ನೀರು?"

"ಬೇಡ. ಹಿಮ ಕರಗಿದ ನೀರೇ ಇನ್ನೂ ಒಳಗಿದೆ."

"ಸ್ವಲ್ಪ ಮಣ್ಣು ಕೆದಕಿ ಸಡಿಲ ಮಾಡ್ಲಾ?"

"ಬೇಡಜ್ಜಿ, ಬೇರಿಗೆ ತಾಗುತ್ತೆ. ಇದು ತನ್ನಷ್ಟಕ್ಕೆ ತಾನೇ..."

"ತನ್ನಷ್ಟಕ್ಕೆ ತಾನೇ, ತನ್ನಷ್ಟಕ್ಕೆ ತಾನೇ!" ಮುದುಕಿ ಕೋಲನ್ನು ನೆಲಕ್ಕೆ ಕುಟ್ಟಿದಳು. "ಅರವತ್ತಮೂರು ವರ್ಷ ಅದು ತನ್ನಷ್ಟಕ್ಕೆ ತಾನೇ ಇತ್ತಲ್ಲ, ಸಾಲದಾ? ಒಂದು ದಿನ ಎತ್ತಿಕೊಳ್ಳಲಿಲ್ಲ, ಒಂದು ದಿನ ಬಂದು ಕೂತಿಲ್ಲ. ಇವತ್ತು ನಾನು ನೀರು ಹಾಕ್ತೀನಿ. ನೀನು ಸುಮ್ನಿರು."

ಹರಲಾಂಪಿ ಬಾಗಿಲ ಬಳಿಯ ಬಾವಿಗೆ ಹೋಗಿ ಒಂದು ತಂಬಿಗೆ ನೀರು ಸೇದಿ ತಂದನು. ಅವಳು ತಂಬಿಗೆ ಹಿಡಿದಾಗ ಅದರ ತಳಕ್ಕೆ ತನ್ನ ಅಂಗೈ ಕೊಟ್ಟನು. ಅವಳು ಎಲೆಗಳ ಸುತ್ತಲೂ, ಒಂದು ಹನಿಯೂ ಮುಖಕ್ಕೆ ಸಿಡಿಯದಂತೆ ಕೂಸಿಗೆ ಎರೆಯುವವಳ ಹಾಗೆ, ನಿಧಾನವಾಗಿ ಹೊಯ್ದಳು. ತಂಬಿಗೆ ಖಾಲಿಯಾಯಿತು.

"ಇನ್ನೊಂದು ತಾ" ಎಂದಳು.

ಅವನು ಹೋಗಿ ತಂದನು.